ಆವಿಗೆಯ ಹೊಗೆ ಮತ್ತು ಮಡಕೆಯ ಕಪ್ಪು: ಒಂದು ಐತಿಹಾಸಿಕ ವಿವೇಚನೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ನಮ್ಮ ವಿದ್ವಾಂಸರಿಗೆ ಎರಡು ಕಾರಣಗಳಿಂದ ಪರಿಚಿತವಾದ ಸ್ಥಳ. 1892ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿ ಅಶೋಕನ ಶಾಸನವನ್ನು ಪತ್ತೆಹಚ್ಚಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಇಲ್ಲಿಯೂ ಸಮೀಪದ ಚಂದ್ರವಳ್ಳಿಯಲ್ಲಿಯೂ ನಡೆಸಿದ ಉತ್ಖನನವು ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಮೊದಲ ಬಾರಿಗೆ ಸ್ತರಾನುಕ್ರಮದ ಗಟ್ಟಿ ನೆಲೆಯನ್ನು ಒದಗಿಸಿತು. ವೀಲರ್ ಅವರಿಗಿಂತ ಮೊದಲೇ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಈ ಎರಡೂ ನೆಲೆಗಳಲ್ಲಿ ಅಗೆತ ನಡೆಸಿದ್ದರೆಂಬುದನ್ನು ನಾಡಿನ ಹೊರಗಿನ ಬರೆಹಗಳು ಆಗಾಗ ಮರೆಯುತ್ತವೆ. ಇಲ್ಲಿ ಅದನ್ನು ನೆನಪಿಸುವುದು ಉಚಿತ.

ಬ್ರಹ್ಮಗಿರಿಯ ಬೃಹತ್ ಶಿಲಾ ಸಮಾಧಿಗಳಲ್ಲಿ ಹೇರಳವಾಗಿ ದೊರೆತದ್ದು ಒಂದು ವಿಶಿಷ್ಟ ಬಗೆಯ ಮೃತ್ಪಾತ್ರೆ. ಅದರ ಒಳಮೈ ಮತ್ತು ಬಾಯಂಚು ಕಪ್ಪು. ಹೊರಮೈಯ ಕೆಳಭಾಗ ಕೆಂಪು. ಎರಡು ಬಣ್ಣಗಳು ಸಂಧಿಸುವಲ್ಲಿ ಗೆರೆ ಎಳೆದಂತಹ ಅಂಚಿಲ್ಲ. ಕಪ್ಪು ಕಂದಾಗಿ, ಕಂದು ಕೆಂಪಾಗಿ ಕರಗುತ್ತದೆ. ಬಣ್ಣವನ್ನು ಬಳಿದದ್ದಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಮಸ್ಕಿ, ಹಳ್ಳೂರು, ತಿರುಮಕೂಡಲು ನರಸೀಪುರ ಮೊದಲಾದ ನೆಲೆಗಳಲ್ಲಿಯೂ ಇದೇ ಪಾತ್ರೆ ಕಾಣಿಸುತ್ತದೆ. ಇದರ ತಯಾರಿಕೆಯ ಬಗ್ಗೆ ನಮ್ಮ ಪಠ್ಯಗಳಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ಒಂದೇ ವಾಕ್ಯ ಪುನರಾವೃತ್ತವಾಗುತ್ತ ಬಂದಿದೆ: ಮಡಕೆಯನ್ನು ಬೋರಲಾಗಿಟ್ಟು ಸುಟ್ಟದ್ದರಿಂದ ಗಾಳಿ ತಾಗದ ಭಾಗ ಅಪಕರ್ಷಣಗೊಂಡು ಕಪ್ಪಾಯಿತು, ಗಾಳಿ ತಾಗಿದ ಭಾಗ ಉತ್ಕರ್ಷಣಗೊಂಡು ಕೆಂಪಾಯಿತು. ಈ ವಾಕ್ಯ ತಪ್ಪೆಂದು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಅದರಲ್ಲಿ ಎರಡು ಬೇರೆಬೇರೆ ಘಟನೆಗಳು ಒಂದೇ ಪದದ ಕೆಳಗೆ ಅಡಗಿ ಕುಳಿತಿವೆ. ಆ ಕಪ್ಪು ಯಾವ ವಸ್ತು? ಮಣ್ಣಿನೊಳಗಿನ ಕಬ್ಬಿಣವೇ ಬಣ್ಣ ಬದಲಿಸಿತೆ, ಅಥವಾ ಹೊಗೆಯಲ್ಲಿದ್ದ ಇಂಗಾಲ ಮಣ್ಣಿನ ರಂಧ್ರಗಳಲ್ಲಿ ಹೊಕ್ಕು ಕುಳಿತಿತೆ? ಮೊದಲನೆಯದು ಮಣ್ಣಿನ ಮಾರ್ಪಾಟು. ಎರಡನೆಯದು ಮಣ್ಣಿಗೆ ಬಂದ ಅತಿಥಿ. ಈ ಭೇದವನ್ನು ಮನುಷ್ಯ ಹೇಗೆ ಕಂಡುಕೊಂಡ ಎಂಬುದು ಆವಿಗೆಯಿಂದ ಪ್ರಯೋಗಾಲಯದವರೆಗೆ ಹಬ್ಬಿದ ದೀರ್ಘ ಕಥೆ. ಅದನ್ನು ಸ್ಥೂಲವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಆಶಯ.

ಕುಂಬಾರನಿಗೆ ಈ ವಿಷಯದ ಅರ್ಧ ಭಾಗ ಮೊದಲಿನಿಂದಲೂ ಗೊತ್ತಿತ್ತು. ಆವಿಗೆ ಹೊತ್ತಿ ಉರಿಯುವಾಗ ಗಾಳಿ ಆಡಿದರೆ ಮಡಕೆ ಕೆಂಪಾಗುತ್ತದೆ; ಉರಿ ತಗ್ಗುವ ಹೊತ್ತಿಗೆ ಹಸಿ ಸೊಪ್ಪು, ಹೊಟ್ಟು, ಸಗಣಿ ಸುರಿದು ಕಂಡಿಗಳನ್ನು ಮಣ್ಣಿನಿಂದ ಮೆತ್ತಿದರೆ ಮಡಕೆ ಕಪ್ಪಾಗುತ್ತದೆ. ಉತ್ತರ ಪ್ರದೇಶದ ಆಜಮ್‌ಗಢ ಜಿಲ್ಲೆಯ ನಿಜಾಮಾಬಾದಿನ ಕುಂಬಾರರು ಇಂದಿಗೂ ಮುಚ್ಚಿದ ಆವಿಗೆಯ ಹೊಗೆಯಲ್ಲಿ ಕಪ್ಪು ಪಾತ್ರೆ ಮಾಡುತ್ತಾರೆ. ದೆಹಲಿಯ ಕರಕುಶಲ ಮಳಿಗೆಗಳಲ್ಲಿ ಅವನ್ನು ಕಂಡವರು ನಮ್ಮ ಓದುಗರಲ್ಲಿ ಅನೇಕರಿರಬಹುದು. ನಮ್ಮ ಸಾಹಿತ್ಯವು ಕುಂಬಾರನನ್ನು ಮರೆತಿಲ್ಲ. ಹರಿಹರನ ಕುಂಬಾರ ಗುಂಡಯ್ಯನ ರಗಳೆಯಲ್ಲಿ ಮಡಕೆಯ ನಾದಕ್ಕೆ ಶಿವನೇ ಕುಣಿಯುತ್ತಾನೆ. ಮಡಕೆಯ ನಾದ ಕಾವ್ಯಕ್ಕೆ ವಸ್ತುವಾಯಿತು. ಮಡಕೆಯ ಬಣ್ಣ ಮಾತ್ರ ಆವಿಗೆಯ ಬಳಿಯಲ್ಲೇ, ಕೈಯಿಂದ ಕೈಗೆ ದಾಟಿದ ತಿಳಿವಾಗಿ ಉಳಿಯಿತು.

ಕೆಂಪಿಗೆ ಕಾರಣವಾದ ವಸ್ತುವನ್ನು ನಮ್ಮ ಸ್ಥಳನಾಮಗಳೇ ಹೇಳುತ್ತವೆ. ಕೆಮ್ಮಣ್ಣುಗುಂಡಿಯ ಕೆಮ್ಮಣ್ಣು ಎಂದರೆ ಹೆಮಟೈಟ್, ಅಂದರೆ ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಮ್ಲಜನಕದ ಪರಮಾಣುಗಳುಳ್ಳ ಆಕ್ಸೈಡ್. ಕುಂಬಾರನ ಮಣ್ಣಿನಲ್ಲಿ ಇದು ನೂರಕ್ಕೆ ಐದಾರು ಭಾಗದಷ್ಟಿದ್ದರೂ ಸುಟ್ಟ ಮಡಕೆಯನ್ನು ಪೂರ್ತಿ ಕೆಂಪಾಗಿಸಬಲ್ಲದು. ಇದರಿಂದ ಸ್ವಲ್ಪ ಆಮ್ಲಜನಕವನ್ನು ಕಿತ್ತುಕೊಂಡರೆ ಉಳಿಯುವುದು ಮ್ಯಾಗ್ನಟೈಟ್: ಮೂರು ಕಬ್ಬಿಣ, ನಾಲ್ಕು ಆಮ್ಲಜನಕ, ಬಣ್ಣ ಕಪ್ಪು, ಅಯಸ್ಕಾಂತಕ್ಕೆ ಅಂಟುವ ಗುಣ. ಇನ್ನಷ್ಟು ಕಿತ್ತರೆ ವುಸ್ಟೈಟ್, ಕೊನೆಗೆ ಲೋಹ. 1923ರಲ್ಲಿ ಭದ್ರಾವತಿಯ ಇದ್ದಿಲಿನ ಊದುಕುಲುಮೆ ಕೆಲಸ ಆರಂಭಿಸಿದಾಗ ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣವನ್ನು ಬಿಡಿಸಿದ ಅನಿಲವೂ ಕುಂಬಾರನ ಆವಿಗೆಯ ಹೊಗೆಯಲ್ಲಿರುವ ಅನಿಲವೂ ಒಂದೇ, ಇಂಗಾಲದ ಮಾನಾಕ್ಸೈಡ್. ಕುಲುಮೆಯಲ್ಲಿ ಕೆಲಸ ಕೊನೆಮುಟ್ಟುತ್ತದೆ. ಆವಿಗೆಯಲ್ಲಿ ಅದು ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ.

ಆಕ್ಸೈಡೊಂದನ್ನು ಅನಿಲದಲ್ಲಿ ಕಾಯಿಸಿ, ಆಗುವುದನ್ನು ಕಣ್ಣಾರೆ ಕಂಡು ಬರೆದಿಟ್ಟ ಆದ್ಯ ಪ್ರಯೋಗಗಳಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯವರದು ವಿಶೇಷ ಗಮನಕ್ಕೆ ಅರ್ಹ. ಅವರು 1774ರಲ್ಲಿ ಪಾದರಸದ ಭಸ್ಮವನ್ನು ಕಾಯಿಸಿ ಆಮ್ಲಜನಕವನ್ನು ಪಡೆದ ಸಂಗತಿ ಶಾಲಾ ಪುಸ್ತಕಗಳಲ್ಲಿದೆ. ಅದರಷ್ಟು ಪ್ರಸಿದ್ಧವಲ್ಲದ ಇನ್ನೊಂದು ಪ್ರಯೋಗವನ್ನು ಅವರು 1783ರಲ್ಲಿ ಪ್ರಕಟಿಸಿದರು. ನೀರಿನ ಮೇಲೆ ಬೋರಲಾಗಿಟ್ಟ ಗಾಜಿನ ಪಾತ್ರೆಯಲ್ಲಿ ದಹ್ಯ ವಾಯುವನ್ನು, ಎಂದರೆ ಇಂದಿನ ಜಲಜನಕವನ್ನು ತುಂಬಿ, ಅದರೊಳಗೆ ಸೀಸದ ಸಿಂಧೂರವನ್ನಿಟ್ಟು, ದೊಡ್ಡ ಭೂತಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಕೇಂದ್ರೀಕರಿಸಿದರು. ಕೆಂಪು ಪುಡಿ ಕಪ್ಪಾಗಿ, ಬಳಿಕ ಸೀಸದ ಹನಿಗಳಾಗಿ ಹೊಳೆಯತೊಡಗಿತು. ಜೊತೆಗೆ ಪಾತ್ರೆಯೊಳಗೆ ನೀರು ಏರತೊಡಗಿತು: ಅನಿಲ ಮಾಯವಾಗುತ್ತಿತ್ತು. ಸಿಂಧೂರವು ಅನಿಲವನ್ನು ಕುಡಿದು ಲೋಹವಾಯಿತೆಂದು ಪ್ರೀಸ್ಟ್ಲಿ ತೀರ್ಮಾನಿಸಿದರು. ಲೋಹವೆಂದರೆ ಭಸ್ಮ ಮತ್ತು ಫ್ಲಾಜಿಸ್ಟಾನ್ ಎಂಬ ದಹನತತ್ತ್ವದ ಕೂಟವೆಂಬ ಅಂದಿನ ಮತಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇರೆ ಬೇಕಿರಲಿಲ್ಲ.

ಅವರ ಕಣ್ಣು ತಪ್ಪು ಮಾಡಲಿಲ್ಲ. ತಪ್ಪಿಗೆ ಎಡೆಮಾಡಿಕೊಟ್ಟದ್ದು ಪಾತ್ರೆಯ ಕೆಳಗಿದ್ದ ನೀರು. ಆಕ್ಸೈಡಿನಿಂದ ಹೊರಬಂದ ಆಮ್ಲಜನಕ ಜಲಜನಕದೊಡನೆ ಕೂಡಿ ನೀರಾಗಿತ್ತು; ಆದರೆ ನೀರಿನ ಮೇಲೆಯೇ ನಡೆಸಿದ ಪ್ರಯೋಗದಲ್ಲಿ ಹುಟ್ಟಿದ ನೀರನ್ನು ಗುರುತಿಸುವುದು ಹೇಗೆ? ನೀರಿನ ಸಂಯೋಜನೆಯನ್ನು ಅರಿತ ಮೇಲೆ ಲವಾಜಿಯೆ ಇದೇ ಪ್ರಯೋಗವನ್ನು ತಿರುಗಿಸಿ ಓದಿದರು: ಭಸ್ಮಕ್ಕೆ ಏನೂ ಸೇರಲಿಲ್ಲ, ಭಸ್ಮದಿಂದ ಏನೋ ಹೊರಟುಹೋಯಿತು. ಸೇರಿತೋ ಹೋಯಿತೋ ಎಂಬ ಈ ಪ್ರಶ್ನೆ ನಮ್ಮ ಬ್ರಹ್ಮಗಿರಿಯ ಮಡಕೆಗೂ ಅಷ್ಟೇ ಅನ್ವಯಿಸುತ್ತದೆ. ಕಪ್ಪಾದ ಮಡಕೆಗೆ ಇಂಗಾಲ ಸೇರಿತೆ, ಅಥವಾ ಅದರಿಂದ ಆಮ್ಲಜನಕ ಹೋಯಿತೆ? ಕಣ್ಣಿಗೆ ಎರಡೂ ಒಂದೇ ಕಪ್ಪು. ತಕ್ಕಡಿಗೆ ಮಾತ್ರ ಬೇರೆ ಬೇರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿಚಾರವನ್ನು ಮುಂದಕ್ಕೆ ಒಯ್ದವರು ಬಹುಮಟ್ಟಿಗೆ ಕಬ್ಬಿಣದ ಕಾರ್ಖಾನೆಯವರು. ಇಂಗ್ಲೆಂಡಿನ ಐಸಾಕ್ ಲೋಥಿಯನ್ ಬೆಲ್ ಅವರು ಇಂಗಾಲದ ಮಾನಾಕ್ಸೈಡನ್ನು ಬಿಸಿ ಅದಿರಿನ ಮೇಲೆ ಹಾಯಿಸಿ, ಯಾವ ಶಾಖದಲ್ಲಿ ಎಷ್ಟು ಆಮ್ಲಜನಕ ಹೋಗುತ್ತದೆಂದು ಅಳೆದು 1872ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅವರು ಕಂಡ ಒಂದು ವಿಚಿತ್ರ ಸಂಗತಿ ನಮ್ಮ ವಿಷಯಕ್ಕೆ ಬಹು ಹತ್ತಿರದ್ದು. ಶಾಖ ಅಷ್ಟೇನೂ ಹೆಚ್ಚಿಲ್ಲದಾಗ ಅದಿರಿನ ಮೇಲೆ ನುಣುಪಾದ ಮಸಿ ಕೂಡುತ್ತಿತ್ತು. ಮಾನಾಕ್ಸೈಡ್ ತಾನೇ ಎರಡಾಗಿ ಒಡೆದು, ಒಂದು ಪಾಲು ಡೈಆಕ್ಸೈಡಾಗಿ ಹಾರಿಹೋಗಿ ಇನ್ನೊಂದು ಪಾಲು ಇಂಗಾಲವಾಗಿ ಉಳಿಯುವ ಕ್ರಿಯೆ ಇದು. ಸುಮಾರು 1900ರ ವೇಳೆಗೆ ಫ್ರಾನ್ಸಿನ ಆಕ್ಟಾವ್ ಬುದುವಾರ್ ಇದರ ಸಮತೋಲವನ್ನು ವಿವರವಾಗಿ ಅಭ್ಯಸಿಸಿದ್ದರಿಂದ ಕ್ರಿಯೆಗೆ ಅವರ ಹೆಸರೇ ನಿಂತಿತು. ಸುಮಾರು 700 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಂಗಾಲ ಕೂಡುವ ಪ್ರವೃತ್ತಿ ಬಲವಾಗುತ್ತದೆ. ಕಬ್ಬಿಣ ಹತ್ತಿರವಿದ್ದರೆ ಕ್ರಿಯೆ ಚುರುಕಾಗುತ್ತದೆ.

ಊದುಕುಲುಮೆಯ ಒಳಗೋಡೆಗೆ ಕಟ್ಟಿದ ಬೆಂಕಿ ಇಟ್ಟಿಗೆಗಳಿಗೆ ಇದು ಮಾರಕವಾಯಿತು. ಇಟ್ಟಿಗೆಯಲ್ಲಿ ಅಲ್ಲಲ್ಲಿ ಕಬ್ಬಿಣದ ಆಕ್ಸೈಡಿನ ಚುಕ್ಕೆಗಳಿದ್ದರೆ, ಮಾನಾಕ್ಸೈಡ್ ಒಳನುಸುಳಿ ಆ ಚುಕ್ಕೆಗಳ ಸುತ್ತಲೂ ಮಸಿ ಬೆಳೆಸುತ್ತದೆ. ಮಸಿ ಉಬ್ಬಿ ಇಟ್ಟಿಗೆಯನ್ನು ಒಳಗಿನಿಂದಲೇ ಸೀಳುತ್ತದೆ. ಬೆಂಕಿಗೆ ಬಗ್ಗದ ಇಟ್ಟಿಗೆ 500 ಡಿಗ್ರಿಯಷ್ಟು ಸಾಧಾರಣ ಶಾಖದಲ್ಲಿ ಬರಿಯ ಅನಿಲಕ್ಕೆ ಪುಡಿಯಾಗುವುದನ್ನು ಕಂಡು ಎಂಜಿನಿಯರರು ಅಚ್ಚರಿಪಟ್ಟಿರಬೇಕು. ಇಟ್ಟಿಗೆಗಳನ್ನು ಮಾನಾಕ್ಸೈಡಿನಲ್ಲಿ ಕಾಯಿಸಿ ನೋಡುವ ಪರೀಕ್ಷೆ ಇಂದು ಆ ಉದ್ಯಮದ ಅಧಿಕೃತ ಮಾನಕಗಳಲ್ಲೊಂದು. ಕುಂಬಾರನ ಕೆಂಪು ಮಡಕೆಯಲ್ಲಿಯೂ ಕಬ್ಬಿಣವಿದೆ, ಹೊಗೆ ತುಂಬಿದ ಆವಿಗೆಯಲ್ಲಿಯೂ ಮಾನಾಕ್ಸೈಡಿದೆ. ಇಟ್ಟಿಗೆಗೆ ರೋಗವಾದದ್ದೇ ಮಡಕೆಗೆ ಬಣ್ಣವಾಗುವುದರಲ್ಲಿ ಒಂದು ಪಾಲು ವಹಿಸುತ್ತದೆ. ಉಳಿದ ಪಾಲು ಸೌದೆ, ಹೊಟ್ಟುಗಳ ಹೊಗೆಯಿಂದ ನೇರವಾಗಿ ಬಂದ ಮಸಿಯದು.

1921ರಲ್ಲಿ ಜಾರ್ಜ್ ಶೊದ್ರೋನ್ ಅವರು ಯಾವ ಶಾಖದಲ್ಲಿ, ಯಾವ ಪ್ರಮಾಣದ ಅನಿಲಮಿಶ್ರಣದಲ್ಲಿ ಕಬ್ಬಿಣದ ಯಾವ ಆಕ್ಸೈಡ್ ಸ್ಥಿರವಾಗಿ ನಿಲ್ಲುತ್ತದೆಂಬ ನಕ್ಷೆಯನ್ನು ಕೊಟ್ಟರು. ಸುಮಾರು 570 ಡಿಗ್ರಿಗಿಂತ ಕೆಳಗೆ ವುಸ್ಟೈಟ್‌ಗೆ ಅಸ್ತಿತ್ವವೇ ಇಲ್ಲವೆಂಬುದು ಅವರ ಮುಖ್ಯ ಫಲಿತ. ಹೆಮಟೈಟನ್ನು ಮ್ಯಾಗ್ನಟೈಟ್ ಆಗಿಸಲು ಮಾನಾಕ್ಸೈಡಿನ ಅತ್ಯಲ್ಪ ಅಂಶ ಸಾಕೆಂಬುದೂ ಇಂತಹ ನಕ್ಷೆಗಳಿಂದ ತಿಳಿಯುತ್ತದೆ. ಎಂದರೆ ಕುಂಬಾರನು ಕಂಡಿಯನ್ನು ಮುಚ್ಚಿದ ಕೆಲವು ನಿಮಿಷಗಳಲ್ಲೇ ಮಣ್ಣಿನ ಕಬ್ಬಿಣ ಕಪ್ಪಾಗಲು ಸಿದ್ಧವಿರುತ್ತದೆ. ಆದರೆ ಕಂಡಿಯನ್ನು ತೆರೆದರೆ ಅಷ್ಟೇ ಸುಲಭವಾಗಿ ಕೆಂಪಿಗೆ ಮರಳುತ್ತದೆ.

ಪುರಾತತ್ತ್ವಜ್ಞರು ಈ ಪ್ರಶ್ನೆಗೆ ಬಂದದ್ದು ಈಜಿಪ್ಟಿನ ದಾರಿಯಿಂದ. ಫ್ಲಿಂಡರ್ಸ್ ಪೆಟ್ರಿಯವರು 1895ರ ಸುಮಾರಿಗೆ ನಕಾಡದಲ್ಲಿ ರಾಜವಂಶಪೂರ್ವ ಕಾಲದ ಸಾವಿರಾರು ಸಮಾಧಿಗಳನ್ನು ಅಗೆದಾಗ, ಮೈ ಕೆಂಪಾಗಿ ಬಾಯಂಚು ಮಾತ್ರ ಕಪ್ಪಾಗಿರುವ ಮಡಕೆಗಳು ರಾಶಿರಾಶಿಯಾಗಿ ದೊರೆತವು. ಅವನ್ನು ಬೂದಿಯಲ್ಲಿ ಬೋರಲಾಗಿಟ್ಟು ಸುಡಲಾಗಿತ್ತು, ಬೂದಿಯಲ್ಲಿ ಹುದುಗಿದ ಅಂಚಿನ ಕೆಂಪು ಆಕ್ಸೈಡ್ ಕಾಂತೀಯವಾದ ಕಪ್ಪು ಆಕ್ಸೈಡಾಗಿ ಮಾರ್ಪಟ್ಟಿತು ಎಂದು ಪೆಟ್ರಿ ವಿವರಿಸಿದರು. ಈಜಿಪ್ಟಿನ ಪುರಾತತ್ತ್ವ ಸೇವೆಯಲ್ಲಿದ್ದ, ತುತನ್‌ಖಾಮನ್ ಸಮಾಧಿಯ ವಸ್ತುಗಳನ್ನು ಸಂರಕ್ಷಿಸಿದ ರಸಾಯನಜ್ಞ ಆಲ್ಫ್ರೆಡ್ ಲೂಕಾಸ್ ಇದನ್ನು ಒಪ್ಪಲಿಲ್ಲ. ಕಪ್ಪು ಬಹುಮಟ್ಟಿಗೆ ಹೊಗೆಯ ಇಂಗಾಲವೇ ಎಂಬುದು ಪ್ರಯೋಗಗಳಿಂದ ಅವರು ತಲುಪಿದ ನಿಲುವು. ಬೋರಲು ಮಡಕೆ, ಗಾಳಿಯ ಅಭಾವ, ಕಪ್ಪು ಆಕ್ಸೈಡ್: ಈಜಿಪ್ಟಿನ ಈ ವಿವರಣೆಗೂ ನಮ್ಮ ಕಪ್ಪು-ಕೆಂಪು ಪಾತ್ರೆಯ ವಿವರಣೆಗೂ ಇರುವ ಹೋಲಿಕೆ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಪೆಟ್ರಿಯವರ ವಾಕ್ಯ ಭಾರತಕ್ಕೆ ಬಂದಷ್ಟು ಬೇಗ ಲೂಕಾಸರ ಆಕ್ಷೇಪ ಬರಲಿಲ್ಲ.

ಇಂಗಾಲ ಮತ್ತು ಕಬ್ಬಿಣ ಇವೆರಡರಲ್ಲಿ ಕಬ್ಬಿಣದ ಪಕ್ಷವನ್ನು ನಿಸ್ಸಂಶಯವಾಗಿ ಗೆಲ್ಲಿಸಿದ್ದು ಗ್ರೀಸಿನ ಮಡಕೆ. ಅಥೆನ್ಸಿನ ಹೂಜಿ, ಬಟ್ಟಲುಗಳ ಮೇಲಿನ ಕನ್ನಡಿಯಂತಹ ಕಪ್ಪು ಮೆರುಗಿನ ಗುಟ್ಟು ಯೂರೋಪಿನ ವಿದ್ವಾಂಸರನ್ನು ಬಹುಕಾಲ ಕಾಡಿತು. ಒಂದೇ ಪಾತ್ರೆಯ ಮೇಲೆ ಹೊಳೆಯುವ ಕಪ್ಪೂ ಹೊಳಪಿಲ್ಲದ ಕೆಂಪೂ ಅಂಗುಲದ ನೂರನೆಯ ಒಂದು ಭಾಗದಷ್ಟು ಸ್ಪಷ್ಟವಾದ ಗೆರೆಯಿಂದ ಬೇರ್ಪಟ್ಟಿವೆ. ಹೊಗೆಯಿಂದ ಇಂತಹ ಗೆರೆ ಬರಲಾರದು. ಹೊಗೆಗೆ ಚಿತ್ರಕಾರನ ಕೈಯಿಲ್ಲ. 1929ರಲ್ಲಿ ಚಾರ್ಲ್ಸ್ ಬಿನ್ಸ್ ಮತ್ತು ಎ. ಡಿ. ಫ್ರೇಸರ್ ಅವರು ಕಪ್ಪು ಮೆರುಗಿನ ಹುಟ್ಟನ್ನು ಕಬ್ಬಿಣದ ಆಕ್ಸೈಡಿನ ಮಾರ್ಪಾಟಿನಲ್ಲಿ ಹುಡುಕಿದರು. 1942ರಲ್ಲಿ, ಯುದ್ಧದ ನಡುವೆ, ಜರ್ಮನಿಯ ಥಿಯೋಡೋರ್ ಶೂಮನ್ ಅವರು ಪೂರ್ಣ ಉತ್ತರವನ್ನು ಪ್ರಕಟಿಸಿದರು.

ಶೂಮನ್ ಕಂಡುಕೊಂಡದ್ದು ಇಷ್ಟು. ಮೆರುಗಿಗೆ ಬೇರೆ ಯಾವ ಬಣ್ಣವೂ ಬೇಕಿಲ್ಲ. ಕೆಂಪು ಜೇಡಿಯನ್ನು ನೀರಿನಲ್ಲಿ ಕದಡಿ, ಒರಟು ಕಣಗಳು ತಳಕ್ಕೆ ಕೂರುವಂತೆ ಬಿಟ್ಟು, ಮೇಲೆ ತೇಲುವ ಅತಿಸೂಕ್ಷ್ಮ ಕಣಗಳನ್ನಷ್ಟೇ ತೆಗೆದು ಲೇಪಿಸಿದರೆ ಸಾಕು. ಸುಡುವಿಕೆಗೆ ಮೂರು ಹಂತಗಳು. ಮೊದಲು ಗಾಳಿಯಾಡುವ ಉರಿಯಲ್ಲಿ ಸುಮಾರು 800 ಡಿಗ್ರಿಯವರೆಗೆ: ಪಾತ್ರೆ, ಲೇಪ ಎರಡೂ ಕೆಂಪು. ಬಳಿಕ ಕಂಡಿ ಮುಚ್ಚಿ, ಹಸಿ ಸೌದೆ ಹಾಕಿ 900ರಿಂದ 950 ಡಿಗ್ರಿಯವರೆಗೆ: ಎರಡೂ ಕಪ್ಪು. ಈ ಶಾಖದಲ್ಲಿ ಸೂಕ್ಷ್ಮಕಣಗಳ ಲೇಪ ಕರಗಿ ಬೆಸೆದು ಗಾಜಿನಂತೆ ಬಿಗಿಯುತ್ತದೆ. ಪಾತ್ರೆಯ ಒರಟು ಮೈ ಹಾಗೆಯೇ ರಂಧ್ರಮಯವಾಗಿ ಉಳಿಯುತ್ತದೆ. ಕೊನೆಗೆ ಶಾಖ ಇಳಿಯುವಾಗ ಕಂಡಿಯನ್ನು ಮತ್ತೆ ತೆರೆಯಬೇಕು. ಒಳನುಗ್ಗಿದ ಆಮ್ಲಜನಕ ರಂಧ್ರಗಳ ಮೂಲಕ ಪಾತ್ರೆಯ ಮೈಯನ್ನು ಪುನಃ ಕೆಂಪಾಗಿಸುತ್ತದೆ. ಬಿಗಿದ ಲೇಪದೊಳಗೆ ಅದಕ್ಕೆ ಪ್ರವೇಶವಿಲ್ಲ, ಅಲ್ಲಿ ಕಪ್ಪು ಉಳಿಯುತ್ತದೆ. ಒಂದೇ ಮಣ್ಣು, ಒಂದೇ ಬೆಂಕಿ, ಒಂದೇ ಗಾಳಿ. ಬಣ್ಣವನ್ನು ನಿರ್ಧರಿಸಿದ್ದು ಅನಿಲ ಒಳಹೊಗಲು ದಾರಿ ಇತ್ತೋ ಇಲ್ಲವೋ ಎಂಬುದು. ಅಮೆರಿಕದ ಜೋಸೆಫ್ ವೀಚ್ ನೋಬಲ್ 1960ರಲ್ಲಿ ಇದನ್ನು ಆಧುನಿಕ ಕುಲುಮೆಯಲ್ಲಿ ಮಾಡಿ ತೋರಿಸಿದರು. 1982ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಮೈಕೆಲ್ ಟೈಟ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಟಿಕ್ ಮೆರುಗನ್ನೂ ರೋಮನ್ ಕಾಲದ ಕೆಂಪು ಮೆರುಗನ್ನೂ ಹೋಲಿಸಿ ನೋಡಿದರು. ಎರಡೂ ಒಂದೇ ಜಾತಿಯ ಬೆಸೆದ ಲೇಪಗಳು. ರೋಮನ್ನರು ಕಂಡಿಯನ್ನು ಮುಚ್ಚಲಿಲ್ಲ, ಅಷ್ಟೇ.

ಚೀನದ ಪಿಂಗಾಣಿಯಲ್ಲಿ ಇದೇ ತತ್ತ್ವ ಬೇರೆ ಲೋಹದ ಮೇಲೆ ನಡೆಯಿತು. ತಾಮ್ರದ ಆಕ್ಸೈಡ್ ಗಾಳಿಯಲ್ಲಿ ಹಸಿರು ಕೊಡುತ್ತದೆ, ಹೊಗೆಯಲ್ಲಿ ಲೋಹದ ಸೂಕ್ಷ್ಮ ಕಣಗಳಾಗಿ ರಕ್ತವರ್ಣ ಕೊಡುತ್ತದೆ. ಜೆಸ್ವಿಟ್ ಪಾದ್ರಿ ದಾಂತ್ರಕೋಲ್ 1712 ಮತ್ತು 1722ರ ತಮ್ಮ ಪತ್ರಗಳಲ್ಲಿ ಜಿಂಗ್‌ಡೆಜೆನ್‌ನ ಕುಲುಮೆಗಳನ್ನು ವರ್ಣಿಸಿದ್ದರೂ ಯೂರೋಪಿಗೆ ಆ ಕೆಂಪು ದಕ್ಕಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಪಾಕವಿಧಾನ ದೊರೆತರೂ ಗಾಳಿಯ ಹದ ದೊರೆಯುವುದಿಲ್ಲ.

ಈಗ ತಕ್ಕಡಿಯ ಮಾತಿಗೆ ಬರೋಣ. ಬ್ರಹ್ಮಗಿರಿಯಂತಹ ಮಡಕೆಯ ಕಪ್ಪು ಚೂರೊಂದನ್ನು ಗಾಳಿಯಲ್ಲಿ 600 ಡಿಗ್ರಿಯವರೆಗೆ ಮತ್ತೆ ಸುಟ್ಟರೆ ಅದು ಕೆಂಪಾಗುವುದುಂಟು. ಇದನ್ನು ಕಂಡೊಡನೆ ಕಪ್ಪು ಇಂಗಾಲವೇ ಆಗಿತ್ತೆಂದು ತೀರ್ಮಾನಿಸುವುದು ಅವಸರ. ರಂಧ್ರಮಯವಾದ ಮೈಯಲ್ಲಿ ಮ್ಯಾಗ್ನಟೈಟ್ ಇದ್ದಿದ್ದರೂ ಅದೂ ಕೆಂಪಿಗೆ ಮರಳುತ್ತಿತ್ತು. ಆದರೆ ಇಂಗಾಲ ಸುಟ್ಟುಹೋದರೆ ಚೂರಿನ ತೂಕ ಇಳಿಯಬೇಕು, ಮ್ಯಾಗ್ನಟೈಟ್ ಆಮ್ಲಜನಕವನ್ನು ಮರಳಿ ಪಡೆದರೆ ತೂಕ ಏರಬೇಕು. ಎಷ್ಟು? ಶುದ್ಧ ಮ್ಯಾಗ್ನಟೈಟ್ ಹೆಮಟೈಟ್ ಆಗುವಾಗ ನೂರು ಗ್ರಾಮಿಗೆ ಸುಮಾರು ಮೂರೂವರೆ ಗ್ರಾಮ್ ಹೆಚ್ಚುತ್ತದೆ. ಮಡಕೆಯಲ್ಲಿ ಕಬ್ಬಿಣದ ಆಕ್ಸೈಡ್ ನೂರಕ್ಕೆ ಆರು ಭಾಗವೆಂದೂ ಅದೆಲ್ಲವೂ ಮ್ಯಾಗ್ನಟೈಟ್ ಆಗಿತ್ತೆಂದೂ ಇಟ್ಟುಕೊಂಡರೆ, ನೂರು ಗ್ರಾಮಿನ ಚೂರಿಗೆ ಏರಿಕೆ ಕೇವಲ 0.2 ಗ್ರಾಮ್. ಅದೇ ಚೂರಿನಲ್ಲಿ ಒಂದು ಗ್ರಾಮ್ ಇಂಗಾಲವಿದ್ದರೆ ಆ ಇಳಿಕೆಯಲ್ಲಿ ಈ ಏರಿಕೆ ಮುಳುಗಿಹೋಗುತ್ತದೆ. ಮೇಲಾಗಿ ಸಹಸ್ರಾರು ವರ್ಷ ನೆಲದಲ್ಲಿದ್ದ ಮಡಕೆ ತೇವವನ್ನು ಹೀರಿಕೊಂಡಿರುತ್ತದೆ. ಅದನ್ನು ಮೊದಲೇ ಕಾಯಿಸಿ ಕಳೆಯದಿದ್ದರೆ ಲೆಕ್ಕವೇ ಕೆಡುತ್ತದೆ. ಆದ್ದರಿಂದ ತೂಕದ ಜೊತೆಗೆ ಹೊರಬರುವ ಅನಿಲವನ್ನೂ ಹಿಡಿದು, ಅದರಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆಯೆಂದು ಅಳೆಯಬೇಕು. ಪ್ರೀಸ್ಟ್ಲಿಯವರು ನೀರಿನ ಮೇಲೆ ಪ್ರಯೋಗ ಮಾಡಿ ಕಳೆದುಕೊಂಡದ್ದನ್ನೇ ನಾವೂ ಕಳೆದುಕೊಳ್ಳಬಾರದಷ್ಟೆ.

ಕಬ್ಬಿಣದ ಸ್ಥಿತಿಯನ್ನು ನೇರವಾಗಿ ಕೇಳುವ ಸಾಧನ 1958ರಲ್ಲಿ ಪ್ರಕಟವಾದ ಮಾಸ್ಬೌವರ್ ಪರಿಣಾಮದಿಂದ ಬಂದಿತು. ಸಹಜ ಕಬ್ಬಿಣದಲ್ಲಿ ನೂರಕ್ಕೆ ಎರಡರಷ್ಟು ಮಾತ್ರ ಇರುವ 57 ತೂಕದ ಕಬ್ಬಿಣದ ನ್ಯೂಕ್ಲಿಯಸ್ಸು ಗಾಮಾ ಕಿರಣವನ್ನು ಹೀರುವ ರೀತಿಯಿಂದ, ಆ ಕಬ್ಬಿಣ ಎಷ್ಟು ಆಮ್ಲಜನಕವನ್ನು ಕಳೆದುಕೊಂಡಿದೆಯೆಂದು ತಿಳಿಯಬಹುದು. 1969ರಲ್ಲಿ ಕಸಿನ್ಸ್ ಮತ್ತು ಧರ್ಮವರ್ಧನ ಅವರು ಇದನ್ನು ಪ್ರಾಚೀನ ಮಡಕೆಗಳಿಗೆ ಅನ್ವಯಿಸಿದರು. ಹೀಗೆ ಕಪ್ಪು ಮಡಕೆಯಲ್ಲಿ ಕಬ್ಬಿಣದ ಪಾಲನ್ನೂ ಇಂಗಾಲದ ಪಾಲನ್ನೂ ಪ್ರತ್ಯೇಕವಾಗಿ ಅಳೆಯುವುದು ಸಾಧ್ಯವಾಯಿತು. ನಮ್ಮ ಕಪ್ಪು-ಕೆಂಪು ಪಾತ್ರೆಯಂತಹ, ಮೆರುಗು ಬೆಸೆಯದ ಸಾಮಾನ್ಯ ಮಡಕೆಗಳಲ್ಲಿ ಇಂಗಾಲದ ಪಾಲೇ ದೊಡ್ಡದೆಂಬ ಕಡೆಗೆ ರಾಸಾಯನಿಕ ತರ್ಕ ವಾಲುತ್ತದೆ: ಅವುಗಳ ಬಣ್ಣಕ್ಕೆ ಅಂಚಿಲ್ಲ, ಮೈ ರಂಧ್ರಮಯ, ಸುಟ್ಟ ಶಾಖವೂ ಅಟಿಕ್ ಪಾತ್ರೆಗಳಷ್ಟಿಲ್ಲ. ಹೀಗಾದರೆ ಬೋರಲಾಗಿಡುವುದು ಒಂದು ಸಾಧ್ಯತೆ ಮಾತ್ರ. ಕೆಂಪಾಗಿ ಬೆಂದ ಮಡಕೆಯನ್ನು ಬಿಸಿಯಿರುವಾಗಲೇ ಹೊಟ್ಟಿನ ರಾಶಿಯ ಮೇಲೆ ಮಗುಚಿದರೂ, ಬಾಯಿ ಮೇಲಾಗಿಟ್ಟು ಒಳಗೆ ಎಲೆ, ಹೊಟ್ಟು ತುಂಬಿ ಮುಚ್ಚಿದರೂ ಒಳಮೈ ಕಪ್ಪಾಗಬಲ್ಲದು. ಕುಂಬಾರನು ಒಮ್ಮೆ ಸುಟ್ಟನೋ ಎರಡು ಬಾರಿ ಸುಟ್ಟನೋ ಎಂಬುದು ಆತನ ಶ್ರಮ, ಇಂಧನ, ಕೌಶಲಗಳ ಪ್ರಶ್ನೆ. ಅದನ್ನು ಒಂದು ಸಿದ್ಧವಾಕ್ಯದಿಂದ ಮುಚ್ಚಿಹಾಕುವುದು ಆತನಿಗೆ ಮಾಡುವ ಅನ್ಯಾಯ.

ಇಷ್ಟೆಲ್ಲ ಸೂಕ್ಷ್ಮಗಳಿಂದ ಇತಿಹಾಸಕ್ಕೇನು ಎಂದು ಕೇಳುವವರಿಗೆ ಬ್ರಹ್ಮಗಿರಿಯ ಕಾಲನಿರ್ಣಯವೇ ಉತ್ತರ. ವೀಲರ್ 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಆರೆಟೈನ್ ಪಾತ್ರೆಗಳನ್ನು, ಎಂದರೆ ಕಂಡಿ ಮುಚ್ಚದೆ ಸುಟ್ಟ ಕೆಂಪು ಮೆರುಗಿನ ಪಾತ್ರೆಗಳನ್ನು ಕಂಡರು. ಅದೇ ನೆಲೆಯಲ್ಲಿ ನಯವಾದ ಕಪ್ಪು ಮೈಯ, ತಳದಲ್ಲಿ ಹಲ್ಲುಗಾಲಿಯ ಗುರುತುಗಳ ಬಳೆಗಳಿರುವ ತಟ್ಟೆಗಳೂ ದೊರೆತವು. ರೂಲೆಟೆಡ್ ಪಾತ್ರೆ ಎಂದು ಹೆಸರಾದ ಇವುಗಳನ್ನು ವೀಲರ್ ಮೆಡಿಟರೇನಿಯನ್ ಮೂಲದವೆಂದು ಬಗೆದು, ಆರೆಟೈನ್ ಪಾತ್ರೆಯ ಕಾಲದಿಂದ ಇವುಗಳ ಕಾಲವನ್ನು ಕಟ್ಟಿದರು. ಇಂತಹ ಪಾತ್ರೆಯೇ ಬ್ರಹ್ಮಗಿರಿಯ ಹಾಗೂ ಚಂದ್ರವಳ್ಳಿಯ ಆಂಧ್ರ ಸ್ತರಗಳಲ್ಲಿಯೂ ಇತ್ತು. ಅದರ ಆಧಾರದಿಂದ, ಚಂದ್ರವಳ್ಳಿಯ ರೋಮನ್ ನಾಣ್ಯದ ಬೆಂಬಲದಿಂದ, ಆಂಧ್ರ ಸ್ತರವನ್ನು ಕ್ರಿ.ಶ. ಒಂದನೆಯ ಶತಮಾನದ ಮಧ್ಯದಿಂದ ಆರಂಭಿಸಿ, ಅದರ ಕೆಳಗಿನ ಬೃಹತ್ ಶಿಲಾ ಸಂಸ್ಕೃತಿಯನ್ನು ಕ್ರಿ.ಪೂ. 200ರಿಂದ ಈಚೆಗೆ ಅವರು ಇರಿಸಿದರು. ಕರ್ನಾಟಕದಲ್ಲಿ ಕಬ್ಬಿಣದ ಯುಗವೇ ಅಶೋಕನ ಶಾಸನಗಳಿಗಿಂತ ಕಿರಿಯದೆಂಬ ಚಿತ್ರ ಹೀಗೆ ಮೂಡಿತು.

ಈ ಸರಪಳಿಯ ಒಂದೊಂದು ಕೊಂಡಿಯೂ ಅನಂತರ ಸಡಿಲವಾಯಿತು. ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಉತ್ಖನನ ನಡೆಸಿದರು. ಅಲ್ಲಿಯ ವಿಕಿರಣಶೀಲ ಇಂಗಾಲದ ಪರೀಕ್ಷೆಗಳು ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಸುಮಾರಿಗೆ ಕೊಂಡೊಯ್ದವು. ವಿಮಲಾ ಬೆಗ್ಲಿಯವರು 1980ರ ದಶಕದಲ್ಲಿ ಅರಿಕಮೇಡಿನ ದಾಖಲೆಗಳನ್ನು ಮರುಪರಿಶೀಲಿಸಿ ರೂಲೆಟೆಡ್ ಪಾತ್ರೆಯ ಆರಂಭ ಇನ್ನೂ ಹಿಂದಿನದೆಂದು ವಾದಿಸಿದರು. 1997ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ್ ಗೋಗ್ಟೆ ಅವರು ಕ್ಷಕಿರಣ ವಿವರ್ತನದಿಂದ ಚೂರುಗಳ ಖನಿಜಗಳನ್ನು ಪರೀಕ್ಷಿಸಿ, ಇವುಗಳ ಮಣ್ಣು ಬಂಗಾಳದ ಚಂದ್ರಕೇತುಗಢ-ತಾಮ್ಲುಕ್ ಪ್ರದೇಶದ್ದೆಂಬ ತೀರ್ಮಾನಕ್ಕೆ ಬಂದರು. ಊರಿನ ವಿಷಯದಲ್ಲಿ ಚರ್ಚೆ ಮುಂದುವರಿದರೂ ಪಾತ್ರೆ ಭಾರತದ್ದೇ ಎಂಬುದು ಇಂದು ಬಹುತೇಕ ಎಲ್ಲರೂ ಒಪ್ಪಿದ ಮಾತು. ನುಣುಪಾದ ಕಪ್ಪು ಮೈಯನ್ನು ಕಂಡೊಡನೆ ಮೆಡಿಟರೇನಿಯನ್ ಕಡೆಗೆ ನೋಡುವ ಅಭ್ಯಾಸ ಈ ಎಡವಟ್ಟಿನ ಹಿಂದೆ ಇತ್ತೆಂಬುದು ನನ್ನ ಅಭಿಪ್ರಾಯ. ಸೂಕ್ಷ್ಮ ಜೇಡಿ, ಕಂಡಿ ಮುಚ್ಚುವ ಹದ, ತೆರೆಯುವ ಹೊತ್ತು ಇವು ಯಾವ ಒಂದು ನಾಡಿನ ಸೊತ್ತೂ ಅಲ್ಲ. ಗಂಗಾ ಬಯಲಿನ ಉತ್ತರದ ಕಪ್ಪು ನಯಮೆರುಗಿನ ಪಾತ್ರೆಯನ್ನು ಮಾಡಿದವರಿಗೆ ಅದನ್ನು ಹೊರಗಿನಿಂದ ಬಂದವರು ಕಲಿಸಬೇಕಾಗಿರಲಿಲ್ಲ.

ಆಕ್ಸೈಡೊಂದು ಅನಿಲದಲ್ಲಿ ಬದಲಾಗುವುದನ್ನು ಕಾದಿರುವಾಗಲೇ ನೋಡುವ ಪ್ರೀಸ್ಟ್ಲಿಯವರ ವಿಧಾನ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬೇರೊಂದು ರೂಪದಲ್ಲಿ ಮರಳಿ ಬಂದಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ನಿರ್ವಾತ ಬೇಕು. ಕುಲುಮೆಗೆ ಅನಿಲ ಬೇಕು. ಈ ವಿರೋಧವನ್ನು ಪರಿಹರಿಸಿ, ಅನಿಲದ ನಡುವೆ ಬಿಸಿಯಾಗುತ್ತಿರುವ ಕಣವನ್ನು ಪರಮಾಣುಗಳ ಮಟ್ಟದಲ್ಲಿ ನೋಡುವ ಉಪಕರಣವನ್ನು 1990ರ ದಶಕದಲ್ಲಿ ರೂಪಿಸಿದವರು ಪುಣೆಯಲ್ಲಿ ಹುಟ್ಟಿದ ಪ್ರತಿಭಾ ಗಾಯಿ ಮತ್ತು ಎಡ್ವರ್ಡ್ ಬಾಯ್ಸ್. ಇಂತಹ ಉಪಕರಣದಲ್ಲಿ ಸೀರಿಯಂ ಆಕ್ಸೈಡಿನ ಕಣವನ್ನು ಜಲಜನಕದಲ್ಲಿ ಕಾಯಿಸಿದಾಗ ಅದು ಆಮ್ಲಜನಕವನ್ನು ಬಿಟ್ಟುಕೊಟ್ಟು ಹಿಗ್ಗುವುದನ್ನೂ ಮತ್ತೆ ಆಮ್ಲಜನಕ ಸಿಕ್ಕಾಗ ಮೊದಲಿನ ವಿನ್ಯಾಸಕ್ಕೆ ಮರಳುವುದನ್ನೂ ಕಣ್ಣಾರೆ ಕಾಣಬಹುದಾಗಿದೆ. ಅಟಿಕ್ ಪಾತ್ರೆಗಳ ವಿಷಯದಲ್ಲಿಯೂ 2011ರ ನಂತರ ಲಾಸ್ ಏಂಜಲೀಸಿನ ಗೆಟ್ಟಿ ಸಂರಕ್ಷಣ ಸಂಸ್ಥೆ ಮತ್ತು ಸ್ಟ್ಯಾನ್‌ಫರ್ಡಿನ ಸಿಂಕ್ರೊಟ್ರಾನ್ ಕೇಂದ್ರ ಒಟ್ಟಾಗಿ ಕಬ್ಬಿಣದ ಸ್ಥಿತಿಯನ್ನು ಸೂಕ್ಷ್ಮ ಚುಕ್ಕೆ ಚುಕ್ಕೆಯಾಗಿ ಅಳೆದಿವೆ. ಶೂಮನ್ನರ ಮೂರು ಹಂತಗಳ ಒಂದೇ ಸುಡುವಿಕೆ ಎಲ್ಲ ಪಾತ್ರೆಗಳಿಗೂ ಹೊಂದುವುದೋ, ಕೆಲವನ್ನು ಒಂದಕ್ಕಿಂತ ಹೆಚ್ಚು ಬಾರಿ ಸುಟ್ಟಿದ್ದರೋ ಎಂಬ ಪ್ರಶ್ನೆ ಅಲ್ಲಿಯೂ ಮತ್ತೆ ಎದ್ದಿದೆ.

ನಮ್ಮ ಕಪ್ಪು-ಕೆಂಪು ಪಾತ್ರೆಗೆ ಇಷ್ಟು ಬೆಲೆಬಾಳುವ ಉಪಕರಣ ಮೊದಲಿಗೇ ಬೇಕಿಲ್ಲ. ನಾಡಿನ ಹೊರಗಿನ ವಿಶ್ವವಿದ್ಯಾಲಯಗಳಲ್ಲಿರುವ ನಮ್ಮ ಸಂಶೋಧಕರಿಗೆ ರಸಾಯನಶಾಸ್ತ್ರ ವಿಭಾಗ ಬಹುಶಃ ಪಕ್ಕದ ಕಟ್ಟಡದಲ್ಲೇ ಇರುತ್ತದೆ. ಸ್ತರ ಗೊತ್ತಿರುವ ಒಂದು ಒಡಕು ಚೂರು, ಅದರ ಕಪ್ಪು ಭಾಗದಿಂದ ಒಂದು ತುಣುಕು, ಕೆಂಪು ಭಾಗದಿಂದ ಇನ್ನೊಂದು; ಮೊದಲು ತೇವ ಕಳೆಯಬೇಕು, ಆಮೇಲೆ ತೂಗಬೇಕು. ಗಾಳಿಯಲ್ಲಿ ಮೆಲ್ಲನೆ ಕಾಯಿಸಿ, ಹೊರಬರುವ ಅನಿಲವನ್ನು ಸುಣ್ಣದ ತಿಳಿನೀರಿನ ಮೂಲಕ ಹಾಯಿಸಬೇಕು. ತಿಳಿನೀರು ಹಾಲಾದರೆ ಕಪ್ಪು ಭಾಗದಲ್ಲಿ ಇಂಗಾಲವಿತ್ತೆಂದರ್ಥ. ಮಣ್ಣಿನಲ್ಲಿ ಸುಣ್ಣದ ಕಲ್ಲಿದ್ದರೂ ಹೆಚ್ಚಿನ ಶಾಖದಲ್ಲಿ ತಿಳಿನೀರು ಹಾಲಾಗುವುದರಿಂದ, ಕೆಂಪು ತುಣುಕಿನ ಮೇಲೆಯೂ ಇದೇ ಪರೀಕ್ಷೆಯನ್ನು ಮಾಡಿ ಎರಡನ್ನೂ ಹೋಲಿಸುವುದು ಅಗತ್ಯ. ಉತ್ಖನನ ವರದಿಗಳಲ್ಲಿ ಪಾತ್ರೆಯ ಎತ್ತರ, ಅಗಲ, ಅಂಚಿನ ಆಕಾರಗಳಿಗೆ ಮೀಸಲಾದ ಅಂಕಣಗಳ ಪಕ್ಕದಲ್ಲಿ ಈ ಎರಡು ತೂಕಗಳಿಗೂ ಒಂದು ಅಂಕಣವಿರಲಿ.